ಕೈಲಾಸ ಬಾಗಿಲಿನಲ್ಲಿ ಇಳಿಸದ ಹೆಸರು

೨೦೨೪ರ ಮಾರ್ಚ್ ೩೦, ಶನಿವಾರ. ಶೋಭಕೃತ್ ಸಂವತ್ಸರದ ಫಾಲ್ಗುಣ ಬಹುಳ ಪಂಚಮಿ. ತಾರೀಖಿಗೆ ಆಧಾರ ನನ್ನ ಕಿಸೆಪುಸ್ತಕ. ವಾರವನ್ನೂ ತಿಥಿಯನ್ನೂ ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಅಂದು ಬೆಳಿಗ್ಗೆ, ಸಿಂಧನೂರು ಇನ್ನೂ ಎರಡು ತಾಸಿನ ನಡಿಗೆಯಷ್ಟು ದೂರವಿರುವಾಗ, ಕಾಲುವೆಯ ಪಕ್ಕದ ಬೇವಿನ ಮರದ ಕೆಳಗೆ ನನ್ನ ಅರವತ್ತಾರು ವರ್ಷದ ಹೆಸರನ್ನು ತೆಗೆದಿಟ್ಟು ನನಗೆ ಬೇರೊಂದು ಹೆಸರು ಕೊಡಲಾಯಿತು. ಅದೇ ಮರದ ಕೆಳಗೆ ಇನ್ನೊಬ್ಬರಿಗೂ ಒಂದು ಹೆಸರು ಬಂತು. ನಾನು ಬರೆಯಲು ಕುಳಿತಿರುವುದು ಆ ಇನ್ನೊಬ್ಬರ ಬಗ್ಗೆ.

ನಾನು ಕೊಪ್ಪಳದಲ್ಲಿ ನೆಲೆಸಿರುವ ನಿವೃತ್ತ ಸಂಶೋಧಕ. ಶಾಸನಗಳನ್ನು ಓದುವುದು, ಅವುಗಳ ಕಾಲವನ್ನು ನಿರ್ಣಯಿಸುವುದು ನನ್ನ ಕೆಲಸವಾಗಿತ್ತು. ಯುಗಾದಿಗೆ ಮುನ್ನ ನಮ್ಮ ಸೀಮೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರನ್ನು ಚಿಕ್ಕಂದಿನಿಂದ ನೋಡಿದ್ದೆನೇ ಹೊರತು ಅವರೊಡನೆ ನಡೆದಿರಲಿಲ್ಲ. ನಿವೃತ್ತಿಯ ನಂತರ, ಕುಷ್ಟಗಿಯಿಂದ ಹೊರಡುವ ಹದಿನಾಲ್ಕು ಜನರ ಒಂದು ಗುಂಪನ್ನು ಸೇರಿಕೊಂಡೆ. ಅದರಲ್ಲಿ ಭಕ್ತಿ ಎಷ್ಟು, ಕುತೂಹಲ ಎಷ್ಟು ಎಂದು ಬಿಡಿಸಿ ಹೇಳಲಾರೆ. ಮಾರ್ಚ್ ೨೮ರ ಗುರುವಾರ ಹೊರಟೆವು.

ಆ ಗುಂಪಿಗೆ ತನ್ನದೇ ಆದ ಕಟ್ಟಳೆಗಳಿದ್ದವು. ಮೊದಲ ಎರಡು ದಿನ ಎಲ್ಲರೂ ಮನೆಯ ಹೆಸರಿನಲ್ಲೇ ಇರುತ್ತಾರೆ. ಎರಡು ದಿನ ಒಟ್ಟಿಗೆ ನಡೆದರೆ ಮನುಷ್ಯನ ಮಾತು, ನಿದ್ದೆ, ಸಿಟ್ಟು, ಸಣ್ಣತನ ಎಲ್ಲವೂ ಹೊರಬೀಳುತ್ತವೆ ಎಂಬುದು ಅವರ ಅನುಭವ. ಮೂರನೆಯ ದಿನ ಗುಂಪಿನ ಹಿರಿಯಳು ಒಬ್ಬೊಬ್ಬರಿಗೂ ದಾರಿಯ ಹೆಸರು ಇಡುತ್ತಾಳೆ. ಹಿಂದಿನ ವರ್ಷ ನಡೆದವರಿಗೆ ಹಳೆಯ ಹೆಸರೇ ಮುಂದುವರಿಯುತ್ತದೆ. ಆಮೇಲೆ ಮನೆಯ ಹೆಸರನ್ನು ಯಾರೂ ಎತ್ತುವಂತಿಲ್ಲ. ಬಾಯಿ ತಪ್ಪಿ ಎತ್ತಿದವರು ಮರುದಿನ ಎಲ್ಲರ ಹಾಸಿಗೆಯ ಗಂಟುಗಳನ್ನು ಗಾಡಿಗೆ ಏರಿಸಬೇಕು. ದಾರಿಯಲ್ಲಿ ಅನ್ನ ನೀಡುವ ಪೆಂಡಾಲಿನವರು ಕೇಳಿದರೂ ದಾರಿಯ ಹೆಸರನ್ನೇ ಹೇಳಬೇಕು. ಹೆಸರಿಟ್ಟ ದಿನವೇ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ; ಕಾಡಿನೊಳಗೆ ಹೊಕ್ಕ ಮೇಲೆ ಜೋಡಿಯನ್ನು ಬಿಟ್ಟು ನಡೆಯಬಾರದು. ಕಾಡು ದಾಟಿ, ಕೊನೆಯ ಕಡಿದಾದ ಮೆಟ್ಟಿಲುಗಳನ್ನು ಹತ್ತಿ, ಕೈಲಾಸ ಬಾಗಿಲು ಎಂಬ ಕಲ್ಲಿನ ಕಮಾನನ್ನು ಮುಟ್ಟಿದಾಗ, ಜೋಡಿದಾರನು ತನ್ನ ಸಂಗಾತಿಯನ್ನು ಮನೆಯ ಹೆಸರಿನಿಂದ ಗಟ್ಟಿಯಾಗಿ ಕೂಗುತ್ತಾನೆ. ಅದಕ್ಕೆ ‘ಹೆಸರು ಇಳಸೋದು’ ಎನ್ನುತ್ತಾರೆ. ಅಲ್ಲಿಗೆ ದಾರಿಯ ಹೆಸರು ಮುಗಿಯಿತು.

ಹೆಸರಿಡುವ ಹಿರಿಯಳು ಕುಷ್ಟಗಿಯವಳು, ಎಪ್ಪತ್ತು ದಾಟಿದವಳು. ಎಲ್ಲರಿಗಿಂತ ನೂರು ಹೆಜ್ಜೆ ಮುಂದೆಯೇ ಇರುತ್ತಿದ್ದುದರಿಂದ ಅವಳಿಗೆ ಮುಂದಿನವ್ವ ಎಂದು ಹೆಸರು. ಸಾಮಾನಿನ ಗಾಡಿ ನಡೆಸುತ್ತಿದ್ದವರು ಅದೇ ಊರಿನ ಒಬ್ಬ ಮುಸ್ಲಿಂ ಹಿರಿಯರು. ಯಾವುದೋ ವರ್ಷ ಒಂದೇ ದಿನ ಎರಡು ಸಲ ಅವರ ಗಾಡಿಯ ಗಾಲಿಯ ಗಾಳಿ ಹೋಗಿತ್ತು. ಅಂದಿನಿಂದ ಅವರು ಪಂಕ್ಚರ್ ಚಾಚಾ.

ಬೇವಿನ ಮರದ ಕೆಳಗೆ ಮುಂದಿನವ್ವ ಚಹಾದ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ಈ ಸರಗ ಏನ್ ಇಡೂಣು? ತಾವರಗೇರಿ ದಾಟೂದ್ರಾಗ ಕಲ್ಲು ಕಂಡ್ರ ನಿಂತ್ರು, ಗುಡಿ ಕಂಡ್ರ ನಿಂತ್ರು. ಎಮ್ಮಿ ಕಾಯಾವಗೂ ಕೇಳಿದ್ರು, ಈ ಕಲ್ಲು ಯಾವಾಗಿಂದಪಾ ಅಂತ.”

“ಅವ ಏನಂದ ಗೊತ್ತೇನಬೇ?” ಎಂದರು ಪಂಕ್ಚರ್ ಚಾಚಾ. “ನಮ್ಮ ಎಮ್ಮಿ ಹುಟ್ಟೂಕಿಂತ ಮದಲಿಂದ್ರಿ ಸಾಹೇಬ್ರ, ಅಂದ.”

ನಗು ಇಳಿಯುವ ಮೊದಲೇ ಅವಳು ತೀರ್ಪು ಕೊಟ್ಟಳು: “ತಾರೀಖಪ್ಪ.”

ಆಮೇಲೆ ಅವಳ ಕಣ್ಣು ನನ್ನ ಪಕ್ಕದವರ ಮೇಲೆ ಬಿತ್ತು. ಐವತ್ತೆಂಟರ ಆಸುಪಾಸಿನವರು, ಸಣ್ಣ ಮೈಕಟ್ಟು. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ತೂಕದ ಕೆಲಸ; ಹುಟ್ಟೂರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಹೊರಡುವ ದಿನ ಬೆಳಿಗ್ಗೆ ಬಂದು ಸೇರಿಕೊಂಡಿದ್ದರಿಂದ ಚಾಚಾರ ಪಟ್ಟಿಯಲ್ಲಿ ‘ಗಂಗಾವತಿ ಮಿಲ್ಲಿನವರು’ ಎಂದಷ್ಟೇ ಬರೆದಿತ್ತು; ಆ ಎರಡು ದಿನ ನಾವೆಲ್ಲರೂ ಹಾಗೆಯೇ ಕರೆದೆವು, ಮನೆಯ ಹೆಸರು ಯಾರೂ ಕೇಳಿರಲಿಲ್ಲ. ಇನ್ನೆಷ್ಟು ದೂರ ಎಂದು ಯಾರು ಕೇಳಿದರೂ, ತಮಗೇ ದಾರಿ ಗೊತ್ತಿಲ್ಲದಿದ್ದರೂ, ಅವರ ಉತ್ತರ ಒಂದೇ: “ಬಂತ್ರಿ, ಇಲ್ಲೇ ಬಂತು.”

“ಈ ಮನಶ್ಯಾ ನಿನ್ನಿ ಬಂತು ಬಂತು ಅನಕೋತ ನನ್ನ ಮೂರು ಹರದಾರಿ ನಡಿಸ್ಯಾನ,” ಎಂದು ಒಬ್ಬ ಕಿರಾಣಿ ಅಂಗಡಿಯವನು ದೂರು ಹೇಳಿದ. ಯಾವ ಪೆಂಡಾಲಿನ ಸಾರನ್ನೂ ಸಪ್ಪೆ ಎನ್ನುತ್ತಿದ್ದ ಆತನಿಗೆ ಆಗಲೇ ಉಪ್ಪು ಎಂಬ ಹೆಸರು ಬಿದ್ದಿತ್ತು.

“ಮತ್ತ ಬರಲಿಲ್ಲೇನು ಊರು?” ಎಂದರು ಇವರು, ತುಂಬ ಸಾವಧಾನವಾಗಿ.

“ಬಂತಣ್ಣ,” ಎಂದಳು ಮುಂದಿನವ್ವ. “ಬಂತಣ್ಣ, ತಾರೀಖಪ್ಪ, ನೀವಿಬ್ಬರೂ ಜೋಡಿ. ಒಬ್ರು ನಿಂದರಾವ್ರು, ಒಬ್ರು ನಡಸಾವ್ರು. ಛಲೋ ಆತು ನೋಡ್ರಿ.”

ಅರಸರ ಬಿರುದುಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಅವೆಲ್ಲ ಪಡೆದವರೇ ಹೇಳಿ ಕೆತ್ತಿಸಿಕೊಂಡವು. ದಾರಿಯ ಹೆಸರನ್ನು ಹಾಗೆ ಪಡೆಯಲು ಬರುವುದಿಲ್ಲ. ನಮ್ಮ ಗುಂಪಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರು ತಮಗೆ ‘ಯೋಗಿ’ ಎಂದಿಡಬೇಕೆಂದು ಸೂಚಿಸಿದ್ದರು. ಊರು ಊರಿಗೆ ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ತಿರುಗುತ್ತಿದ್ದ ಅವರಿಗೆ ‘ಸಿಗ್ನಲ್’ ಎಂದಿಟ್ಟರು. ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ತಾವೇ ಪೆಂಡಾಲಿನಲ್ಲಿ “ನಾ ಸಿಗ್ನಲ್ ರಿ” ಎಂದು ಪರಿಚಯ ಹೇಳಿಕೊಂಡರು.

ಬಂತಣ್ಣನವರ ಜೊತೆ ನಡೆಯುವುದು ಸುಲಭವಾಗಿತ್ತು. ನಾನು ಕಲ್ಲಿನ ಮುಂದೆ ನಿಂತರೆ ಅವರು ನೆರಳು ಹುಡುಕಿ ಕೂರುತ್ತಿದ್ದರು. ನಾನು ಬರೆದು ಮುಗಿಸಿ ತಿರುಗಿದಾಗ ಎದ್ದು ನಿಂತಿರುತ್ತಿದ್ದರು. ಒಮ್ಮೆಯೂ ಅವಸರ ಮಾಡಲಿಲ್ಲ. ಕಾಲುವೆ ನೀರಿನ ಗದ್ದೆಗಳ ನಡುವೆ ಹೋಗುವಾಗ ತೆನೆಯೊಂದರಿಂದ ಕಾಳು ಬಿಡಿಸಿ ಹಲ್ಲಲ್ಲಿ ಕಡಿದು, “ಇನ್ನಾ ಹಸಿ ಐತ್ರಿ, ಎಂಟು ದಿನ ಬೇಕು” ಎನ್ನುತ್ತಿದ್ದರು. ಹರಕೆ ಏನು ಎಂದು ನಾನೊಮ್ಮೆ ಕೇಳಿದೆ.

“ಮನಿಯಾಕಿಗೆ ಹೊಟ್ಟಿ ಆಪರೇಶನ್ ಆಗಿತ್ರಿ. ಉಳಿಯೂದಿಲ್ಲ ಅಂದಿದ್ರು. ಈಗ ಎದ್ದು ಓಡ್ಯಾಡಾಕ ಹತ್ಯಾಳ. ಅದಕ್ಕ ನಾ ನಡ್ಯಾಕ ಹತ್ತೀನಿ.”

“ಆಕಿ ಏನಂದ್ರು?”

“ಮಿಲ್ಲಿನ್ಯಾಗ ಕುಂತು ಕುಂತು ತೂಗೂ ಮನಶ್ಯಾ, ನೀ ಎಲ್ಲಿ ನಡೀತಿ ಅಂದ್ಳು.” ಅದನ್ನು ಹೇಳುವಾಗ ಅವರ ಮುಖದಲ್ಲಿ ಎಷ್ಟೊಂದು ಹೆಮ್ಮೆ ಇತ್ತು!

ಏಪ್ರಿಲ್ ೬ರ ಶನಿವಾರ ಕಾಡನ್ನು ಹೊಕ್ಕೆವು. ಗಾಡಿಗೆ ಕಾಡಿನೊಳಗೆ ದಾರಿಯಿಲ್ಲ. ಚಾಚಾ ಸುತ್ತುದಾರಿಯಿಂದ ಹೋಗಿ ಶ್ರೀಶೈಲದಲ್ಲಿ ಕಾಯಬೇಕು. ಭಾರವೆಂದು ನಾವೆಲ್ಲ ಚೀಲಗಳನ್ನು ಗಾಡಿಯಲ್ಲೇ ಬಿಟ್ಟೆವು. ಬಂತಣ್ಣನವರ ಮೊಬೈಲು, ಗುರುತಿನ ಚೀಟಿಗಳು ಆ ಚೀಲದಲ್ಲೇ ಉಳಿದವು. ಸಂಜೆ ಭೀಮನಕೊಳ್ಳಕ್ಕೆ ಒಂದು ಹರದಾರಿ, ಎಂದರೆ ಸುಮಾರು ಒಂದು ತಾಸಿನ ನಡಿಗೆಯಷ್ಟು, ಈಚೆ ಇಳಿದುಕೊಂಡೆವು. ಜೋಡಿದಾರರು ತಮ್ಮ ಮನೆಯ ಹೆಸರನ್ನು ಒಬ್ಬರಿಗೊಬ್ಬರು ಕಿವಿಯಲ್ಲಿ ಹೇಳಿಕೊಳ್ಳುವುದು ಆ ಸಂಜೆಯೇ; ಮರುದಿನ ಕೂಗಬೇಕಲ್ಲ. ಅವರು ತಮ್ಮ ಹೆಸರು, ತಂದೆಯ ಹೆಸರು, ಊರು ಮೂರನ್ನೂ ಹೇಳಿದರು. ನಾನು ಅಭ್ಯಾಸದಂತೆ ಕಿಸೆಪುಸ್ತಕ ತೆಗೆದಾಗ ಕೈ ಹಿಡಿದರು. “ಬರೀಬಾರದ್ರಿ ತಾರೀಖಪ್ನೋರ. ನೆಪ್ಪಿಟ್ಕೋಬೇಕು.” ನಾನು ನನ್ನದನ್ನು ಹೇಳಿದೆ. “ಭಾಳ ಉದ್ದ ಐತಿ ಬಿಡ್ರಿ,” ಎಂದು ನಕ್ಕರು.

ಏಪ್ರಿಲ್ ೭ರ ಭಾನುವಾರದ ಬೆಳಿಗ್ಗೆ ಹೇಗೆ ಕಳೆಯಿತೆಂಬುದನ್ನು ಮೊದಲು ನನ್ನ ನೆನಪಿನಲ್ಲಿರುವಂತೆಯೇ ಬರೆಯುತ್ತೇನೆ.

ಐದಕ್ಕೆ ಎದ್ದು ಹೊರಟೆವು. ಕೊಳ್ಳಕ್ಕೆ ಇಳಿದು ಆಚೆ ಬದಿಯ ಮೆಟ್ಟಿಲುಗಳನ್ನು ಹತ್ತತೊಡಗಿದಾಗ ಬಂತಣ್ಣ ಹಿಂದೆ ಬಿದ್ದರು. ಒಂದು ತಿರುವಿನಲ್ಲಿ ಮೆಟ್ಟಿಲ ಮೇಲೆ ಕುಳಿತು, “ಒಂದೀಟು ದಮ್ಮು ಹತ್ತೈತ್ರಿ, ಕುಂದರ್ತೀನಿ” ಎಂದರು. ನಾನೂ ಕುಳಿತೆ. ನೀರು ಕೊಟ್ಟೆ. ಸುಮಾರು ಒಂದು ತಾಸು ಹಾಗೇ ಕುಳಿತಿದ್ದೆವು. ಹಿಂದಿನಿಂದ ಬೇರೊಂದು ಗುಂಪಿನ ಇಬ್ಬರು ಯುವಕರು ಬಂದರು. ಒಬ್ಬನು ತಲೆಗೆ ಹಳದಿ ಟವೆಲ್ ಸುತ್ತಿದ್ದ. “ನೀವು ಮುಂದ ನಡೀರಿ ಸರ, ನಾವು ಇವರನ್ನ ಕರಕೊಂಡು ಬರ್ತೀವಿ” ಎಂದರು. ಬಂತಣ್ಣನವರೂ ಕೈಯಾಡಿಸಿದರು: “ನಡೀರಿ, ನಡೀರಿ. ಬಂತ್ರಿ, ಇಲ್ಲೇ ಬಂತು.” ನಾನು ಅವರನ್ನು ಆ ಇಬ್ಬರ ಕೈಗೆ ಒಪ್ಪಿಸಿ ಹತ್ತಿದೆ.

ಮೇಲೆ ಕೈಲಾಸ ಬಾಗಿಲಿನಲ್ಲಿ ನಮ್ಮವರು ಒಬ್ಬೊಬ್ಬರಾಗಿ ಬಂದು ಹೆಸರು ಇಳಿಸುತ್ತಿದ್ದರು. ಉಪ್ಪು ತನ್ನ ಜೋಡಿಯ ಹೆಸರು ಕೂಗಿ ಅತ್ತುಬಿಟ್ಟ. ಸಿಗ್ನಲ್ ಅವರಿಗೆ ತಮ್ಮ ಮನೆಯ ಹೆಸರು ಕೇಳಿ ಒಂದು ಕ್ಷಣ ಗುರುತೇ ಹತ್ತಲಿಲ್ಲ. ನನ್ನನ್ನು ಕೂಗುವವರು ಇನ್ನೂ ಬಂದಿರಲಿಲ್ಲ. ಎಂಟಾಯಿತು, ಒಂಬತ್ತಾಯಿತು.

ಮುಂದಿನವ್ವ ನನ್ನ ಬಳಿ ಬಂದಳು. “ಜೋಡಿ ಎಲ್ಲಿ?”

“ಬರಾಕ ಹತ್ಯಾರಬೇ.”

“ಯಾರ ಸಂಗಾಟ?”

“ಇಬ್ಬರು ಹುಡುಗರು ಅದಾರ.”

“ಹುಡುಗರು ಜೋಡಿ ಆಕ್ಕಾರೇನ್ರಿ ಸರ?”

ತಾರೀಖಪ್ಪ ಎನ್ನದೆ ಅವಳು ಸರ ಎಂದಿದ್ದಳು.

ನಾನು ಮೆಟ್ಟಿಲಿಳಿದು ಹೋದೆ. ತಿರುವಿನಲ್ಲಿ ಅವರಿರಲಿಲ್ಲ. ಕೊಳ್ಳದ ತಳದಲ್ಲಿ ಒಂದು ವೈದ್ಯಕೀಯ ಶಿಬಿರವಿತ್ತು. ಅಲ್ಲಿ ನಾನು ಅವರ ಮನೆಯ ಹೆಸರು, ತಂದೆಯ ಹೆಸರು, ಊರು ಮೂರನ್ನೂ ಸ್ಪಷ್ಟವಾಗಿ ಹೇಳಿ ವಿಚಾರಿಸಿದೆ. ನಮ್ಮ ಗುಂಪು ಹೆಸರು ಇಳಿಸಿಯಾಗಿತ್ತು. ಬಾಗಿಲು ಮುಟ್ಟಿದ ನನಗೆ ದಾರಿಯ ಹೆಸರು ಹೇಳಬೇಕೆಂಬುದು ಹೊಳೆಯಲೇ ಇಲ್ಲ. ಅಲ್ಲಿದ್ದ ಹುಡುಗಿ ಪಟ್ಟಿಯ ಮೇಲೆ ಬೆರಳಾಡಿಸಿ, ಅಂಥ ಹೆಸರಿನವರು ಯಾರೂ ಇಲ್ಲ ಎಂದಳು. ಬಿಳಿ ಅಂಗಿ, ಬಿಳಿ ಧೋತರ, ಸಣ್ಣ ಆಳು ಎಂದರೆ ಅಂಥವರು ಆ ದಾರಿಯ ತುಂಬ ಇದ್ದರು. ಮೇಲಿನ ಶಿಬಿರದಲ್ಲೂ ಅದೇ ಉತ್ತರ. ಶ್ರೀಶೈಲಕ್ಕೆ ಹೋಗಿ ಚಾಚಾರಿಗೆ ಹೇಳಿದೆ. ಅವರು ನಾನು ಹೇಳಿದ ಅದೇ ಮೂರು ವಿವರಗಳನ್ನು ಹಿಡಿದು ಸುತ್ತಲಿನ ಆಸ್ಪತ್ರೆಗಳಿಗೆಲ್ಲ ಫೋನು ಮಾಡಿದರು. ಎಲ್ಲಿಯೂ ಇರಲಿಲ್ಲ.

ಮರುದಿನ, ೮ರ ಸೋಮವಾರ ಮಧ್ಯಾಹ್ನ, ಚಾಚಾ ತಾವೇ ಒಂದು ಪಟ್ಟಣದ ಆಸ್ಪತ್ರೆಗೆ ಹೋಗಿ ಬಂದರು. ಗಾಡಿಯಿಂದ ಇಳಿಯದೆ ನನ್ನನ್ನು ಹತ್ತಿರ ಕರೆದರು.

“ಸರ, ನಾವು ಮನಿ ಹೆಸರು ಕೇಳಾಕತ್ತೇವಿ. ಅವ್ರು ದಾರಿ ಹೆಸರು ಹೇಳ್ಯಾರ.”

ಬಾಗಿಲು ಮುಟ್ಟದ ಅವರು ಕಟ್ಟಳೆಯನ್ನು ಮೀರಿರಲಿಲ್ಲ. ಶಿಬಿರದವರು ಹೆಸರು ಕೇಳಿದಾಗ ಬಂತಣ್ಣ ಎಂದಿದ್ದರು. ಮತ್ತೆ ಕೇಳುವಷ್ಟರಲ್ಲಿ ಮಾತು ನಿಂತಿತ್ತು. ನಾನು ಶಿಬಿರದ ಮುಂದೆ ನಿಂತು ಅವರ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುತ್ತಿದ್ದಾಗ, ಅವರನ್ನು ಬೇರೊಂದು ದಾರಿಯಿಂದ ರಸ್ತೆಗೆ ಸಾಗಿಸಿ ಆಗಿತ್ತು. ಆಸ್ಪತ್ರೆಯ ಕಾಗದದ ಪ್ರಕಾರ ಅವರು ತೀರಿಕೊಂಡದ್ದು ೭ರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ. ಅಷ್ಟು ಹೊತ್ತಿನವರೆಗೂ ಅವರು ಬದುಕಿದ್ದರು. ಶಿಬಿರದ ಮುಂದೆ ನಿಂತಾಗ ಅವರ ಎರಡೂ ಹೆಸರುಗಳನ್ನು ಬಲ್ಲವನು ಆ ಗುಂಪಿನಲ್ಲಿ ನಾನೊಬ್ಬನೇ ಆಗಿದ್ದೆ.

೯ರ ಮಂಗಳವಾರ ಯುಗಾದಿ. ಅಂದು ಅವರನ್ನು ಊರಿಗೆ ತಂದರು. ನಾನು ಅಲ್ಲಿಗೆ ಹೋದದ್ದು ಹನ್ನೆರಡು ದಿನದ ನಂತರ, ೨೧ರ ಭಾನುವಾರ. ಕೊಪ್ಪಳದಿಂದ ಕುಕನೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅವರ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದರು. ಆಪರೇಶನ್ನಿನ ನಂತರ ಬಗ್ಗಿ ನಡೆಯುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ನಾನು ಯಾರೆಂದು ತಿಳಿದ ಮೇಲೆ ಅವರು ಬೇರೇನನ್ನೂ ಕೇಳಲಿಲ್ಲ. ಊಟ ಮಾಡಿದ್ದರೇ, ನೋವಿತ್ತೇ, ತನ್ನನ್ನು ನೆನೆದಿದ್ದರೇ, ಯಾವುದೂ ಅಲ್ಲ.

“ಕುಂತಾಗ ಅವ್ರು ಒಬ್ರ ಇದ್ರೇನ್ರಿ?”

“ಇಲ್ರಿ ತಂಗ್ಯಾರ. ಒಂದು ತಾಸು ನಾ ಸಂಗಾಟ ಕುಂತಿದ್ದೆ. ಆಮ್ಯಾಲ ಇಬ್ಬರು ಹುಡುಗರ ಕೈಯಾಗ ಕೊಟ್ಟು ಹೋದೆ.”

“ಖರೇನ?”

“ಖರೇರಿ.”

“ಹಂಗಾರ ಆತು ಬಿಡ್ರಿ.” ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದಲ್ಲಿದ್ದ ನಾದಿನಿಗೆ ಹೇಳಿದರು, “ಕೇಳಿದಿಲ್ಲೋ, ಒಬ್ರ ಇದ್ದಿಲ್ಲಂತ. ಇವರು ಇದ್ರಂತ. ನಾ ಇಷ್ಟು ದಿನ ಅದನ್ನ ನೆನಸಿ ನೆನಸಿ ಸಾಯಾಕತ್ತಿದ್ದೆ.” ನಾನು ಹೊರಡುವವರೆಗೆ, ಬಂದ ಹೋದವರಿಗೆಲ್ಲ ಆ ಮಾತನ್ನು ನಾಲ್ಕು ಸಲ ಹೇಳಿದರು.

ಮರಣದ ಕಾಗದದಲ್ಲಿ ‘ಬಂತಣ್ಣ, ತಂದೆಯ ಹೆಸರು ತಿಳಿಯದು’ ಎಂದು ಬರೆದಿತ್ತು. ಆದುದರಿಂದ ಆಕೆಯ ಗಂಡ ಯಾವ ದಾಖಲೆಯಲ್ಲಿಯೂ ಸತ್ತಿರಲಿಲ್ಲ. ಮನೆಯ ಹಕ್ಕುಪತ್ರದ ಉತಾರದಲ್ಲಿ, ರೇಷನ್ ಕಾರ್ಡಿನಲ್ಲಿ ಅವರು ಇನ್ನೂ ಇದ್ದರು. ವಿಧವೆಯೆಂದು ಆಕೆ ಎಲ್ಲಿಯೂ ಅರ್ಜಿ ಹಾಕುವಂತಿರಲಿಲ್ಲ. ಹೆಸರು ತಿದ್ದಿಸಲು ಜೊತೆಗಿದ್ದವನ ಅಫಿಡವಿಟ್ ಬೇಕೆಂದರು. ಜೂನ್ ೧೨ರ ಬುಧವಾರ ಯಲಬುರ್ಗಾಕ್ಕೆ ಹೋಗಿ ಬರೆದುಕೊಟ್ಟೆ. ಒಂದು ತಾಸು ಜೊತೆಗೆ ಕುಳಿತಿದ್ದೆನೆಂದೂ, ಇಬ್ಬರು ಯುವಕರಿಗೆ ಒಪ್ಪಿಸಿದೆನೆಂದೂ, ಆತನು ಇಂಥವನೇ ಎಂದೂ ಪ್ರಮಾಣ ಮಾಡಿ ಸಹಿ ಹಾಕಿದೆ. ಅದರೊಡನೆ ಶಿಬಿರದ ದಾಖಲೆಯ ಹಾಳೆಯ ನಕಲೂ ಬೇಕಿತ್ತು. ಮೂರು ಸಲ ಪತ್ರ ಬರೆದ ಮೇಲೆ ಅದು ಆಕೆಯ ವಿಳಾಸಕ್ಕೆ ಅಂಚೆಯಲ್ಲಿ ಬಂತು. ಆಕೆ ಒಡೆಯದೆ ಇಟ್ಟುಕೊಂಡು ನನಗೆ ಹೇಳಿಕಳಿಸಿದರು.

ನಾನು ಹೋದದ್ದು ಸೆಪ್ಟೆಂಬರ್ ೧೯, ಗುರುವಾರ. ಅಕ್ಕಪಕ್ಕದ ಹೆಂಗಸರು ಬಂದು ಕುಳಿತಿದ್ದರು. ಹಾಳೆ ತೆಲುಗಿನಲ್ಲಿತ್ತು, ನನ್ನ ವೃತ್ತಿಯವರಿಗೆ ಆ ಲಿಪಿ ತೊಡಕಲ್ಲ.

“ಓದ್ರಿ ಸರ. ಎಲ್ಲಾರೂ ಕೇಳ್ಲಿ.”

ಹೆಸರು ಓದಿದೆ. ವಯಸ್ಸು ಸುಮಾರು ಅರವತ್ತು. ಊರು ತಿಳಿಯದು. ನಾಡಿ ಕ್ಷೀಣ. ಪ್ರಾಣವಾಯು ಕೊಟ್ಟಿದೆ. ಆಮೇಲಿನ ಸಾಲಿಗೆ ಬಂದು ನಿಂತೆ.

“ಮುಂದ?”

“ಅಷ್ಟರಿ.”

“ನಿಮ್ಮ ಹೆಸರು ಬರದಿಲ್ಲೇನು, ನೀವು ಕುಂತದ್ದು?”

“ಅದನ್ನ ಇದರಾಗ ಬರ್ಯಾಂಗಿಲ್ರಿ.”

ಆಕೆ ಹಾಳೆಯನ್ನು ಮಡಿಸಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ನನಗೆ ಚಹಾ ಮಾಡಲು ಎದ್ದರು.

ಊರಿಗೆ ಮರಳಿ ಕಿಸೆಪುಸ್ತಕವನ್ನು ತೆರೆದೆ. ಏಪ್ರಿಲ್ ೭ರ ಪುಟವನ್ನು ಅಂದಿನಿಂದ ನಾನು ನೋಡಿಯೇ ಇರಲಿಲ್ಲ. ನೋಡುವ ಅಗತ್ಯ ಕಂಡಿರಲಿಲ್ಲ. ಅಲ್ಲಿ ನನ್ನದೇ ಕೈಬರಹದಲ್ಲಿ ಹೀಗಿದೆ: ‘ಕೈಲಾಸ ಬಾಗಿಲು, ೭-೧೫. ಬದಿಯ ಬಂಡೆಯ ಮೇಲೆ ಸವೆದ ಅಕ್ಷರ, ಐದು ಸಾಲು. ಬೆಳಕು ಓರೆ, ಓದಲು ಅನುಕೂಲ.’ ಸವೆದ ಅಕ್ಷರಗಳು ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಎದ್ದು ಕಾಣು‌ತ್ತವೆ. ಸೂರ್ಯ ಏರಿದರೆ ಬಂಡೆ ಬರೀ ಬಂಡೆ. ಅಂಥ ಅಕ್ಷರಗಳಿವೆ ಎಂದು ಹಿಂದಿನ ಸಂಜೆ ಮುಂದಿನವ್ವನೇ ನನಗೆ ಹೇಳಿದ್ದಳು. ಐದಕ್ಕೆ ಹೊರಟು, ಒಂದು ಹರದಾರಿ ನಡೆದು, ಕೊಳ್ಳಕ್ಕಿಳಿದು, ಮುಕ್ಕಾಲು ತಾಸಿನ ಮೆಟ್ಟಿಲು ಹತ್ತಿ ಏಳೂ ಕಾಲಿಗೆ ಬಾಗಿಲು ಮುಟ್ಟಿದವನಿಗೆ ನಡುವೆ ಒಂದು ತಾಸು ಕೂರಲು ಸಮಯವೇ ಉಳಿಯುವುದಿಲ್ಲ.

ಆ ಇಬ್ಬರು ಯುವಕರು ಪುಸ್ತಕದಲ್ಲಿ ಇದ್ದಾರೆ. ಆದರೆ ಅವರು ಇರುವುದು ಏಪ್ರಿಲ್ ೨, ಮಂಗಳವಾರದ ಪುಟದಲ್ಲಿ, ಮಾನ್ವಿ ದಾಟಿದ ಮೇಲೆ: ‘ಬಂತಣ್ಣನಿಗೆ ಹಿಮ್ಮಡಿ ಬೊಬ್ಬೆ. ಒಂದು ತಾಸು ಜೊತೆಗೆ ಕುಳಿತೆ. ಹಳದಿ ಟವೆಲಿನ ಹುಡುಗ, ಅವನ ಗೆಳೆಯ, ಕೈಹಿಡಿದು ಪೆಂಡಾಲಿಗೆ ತಂದರು.’ ಆ ತಾಸು ನಿಜ. ಅದು ಐದು ದಿನ ಮುಂದಕ್ಕೆ ಸರಿದು, ತನಗೆ ಬೇಕಾದ ಜಾಗದಲ್ಲಿ ಕುಳಿತುಬಿಟ್ಟಿದೆ. ಆಕೆಗೆ ನಾನು ತಿಳಿದು ತಿಳಿದು ಸುಳ್ಳು ಹೇಳಲಿಲ್ಲ. ಇದನ್ನು ಬರೆಯುತ್ತಿರುವಾಗಲೂ ಕಣ್ಣು ಮುಚ್ಚಿದರೆ ಮೆಟ್ಟಿಲ ತಿರುವಿನಲ್ಲಿ ಹಳದಿ ಟವೆಲ್ಲೇ ಕಾಣುತ್ತದೆ.

ಹೆಸರು ತಿದ್ದುಪಡಿಯಾಯಿತು. ನನ್ನ ಅಫಿಡವಿಟ್ಟೂ ಶಿಬಿರದ ಹಾಳೆಯೂ ಒಂದೇ ಕಡತದಲ್ಲಿವೆ. ಎರಡನ್ನೂ ಒಟ್ಟಿಗೆ ಓದಿದವರು ಇಲ್ಲವೆಂದು ಕಾಣುತ್ತದೆ. ಅಂದು ಆ ಮನೆಯಲ್ಲಿ ನಾನು ಓದದೆ ಬಿಟ್ಟ ಸಾಲು ಕನ್ನಡದಲ್ಲಿ ಇಷ್ಟಾಗುತ್ತದೆ: ‘ಬೆಳಿಗ್ಗೆ ೬-೫೦. ಮೆಟ್ಟಿಲ ಮೇಲೆ ಬಿದ್ದಿದ್ದವರನ್ನು ದಾರಿಹೋಕ ಹೆಂಗಸರು ಕಂಡು ಎತ್ತಿ ತಂದರು. ಜೊತೆಗೆ ಯಾರೂ ಇರಲಿಲ್ಲ.’